ಅಕ್ಕನಿಗೆಂದು ಹೆಣೆದ ವಿಗ್

ಭಾವನವರಿಗೆ ನಮಸ್ಕಾರ.

ರಜೆಯ ಉಡುಗೊರೆಗಳ ಪಾರ್ಸಲ್ ಈ ವಾರ ನಿಮ್ಮ ಕೈ ಸೇರಬಹುದು. ದಯವಿಟ್ಟು ಮಕ್ಕಳ ಎದುರು ಬಿಚ್ಚಬೇಡಿ. ಮಗನಿಗೆ ನಕ್ಷತ್ರ ನೋಡುವ ದುರ್ಬೀನು, ಮಗಳಿಗೆ ತಾನೇ ಜೋಡಿಸಿ ನುಡಿಸುವ ಪುಟ್ಟ ಪಿಯಾನೊ ಇದೆ. ತಳದಲ್ಲಿರುವ ಹಸಿರು ಪೆಟ್ಟಿಗೆ ಅಕ್ಕನದು.

ಹೋದ ತಿಂಗಳು ಅವಳು ಫೋನಿನಲ್ಲಿ, "ಈ ಸಲ ಚಾಕೊಲೇಟ್ ಬೇಡ ಕಣೇ. ಔಷಧಿಗೆ ಕೂದಲೆಲ್ಲಾ ಉದುರಿಹೋಯ್ತು. ಹೇನಿನ ಕಾಟ ತಪ್ಪಿತು ಅನ್ನು! ಆದ್ರೆ ಮಕ್ಕಳು ಹಾಸ್ಟೆಲಿಂದ ಬಂದಾಗ ಹೆದರ್ತಾರೇನೋ" ಎಂದು ನಕ್ಕಿದ್ದಳು. ಈ ಪರದೇಶದಲ್ಲಿ ನನ್ನ ಕೆಲಸವೇ ವಿಗ್ ಹೆಣೆಯುವುದಲ್ಲವೇ? ಮರುದಿನವೇ ನನ್ನ ಜಡೆ ಕತ್ತರಿಸಿಕೊಂಡು ಹೆಣೆಯಲು ಕೂತೆ. ಚಿಕ್ಕಂದಿನಲ್ಲಿ ದಿನಾ ಆ ಜಡೆ ಹಾಕುತ್ತಿದ್ದವಳು ಅವಳೇ. ಮುಟ್ಟಿದ ಕೂಡಲೇ ಗುರುತು ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಅಂಚೆಗೆ ಹಾಕಿ ಕೋಣೆಗೆ ಮರಳಿದಾಗ ನಿಮ್ಮ ಫೋನ್ ಬಂತು. "ಹೋಗಿಬಿಟ್ಲಮ್ಮ" ಎಂದಿರಿ.

ಆ ವಿಗ್ ವಾಪಸು ಕಳಿಸಬೇಡಿ. ಆಸ್ಪತ್ರೆಯಲ್ಲಿ ಅಕ್ಕನ ಪಕ್ಕದ ಹಾಸಿಗೆಯಲ್ಲಿ ಒಬ್ಬರು ಟೀಚರ್ ಇದ್ದರಂತಲ್ಲ, ಈ ತಲೆಯಲ್ಲಿ ಪಾಠಕ್ಕೆ ಹೇಗೆ ಹೋಗಲಿ ಎಂದು ಅಳುತ್ತಿದ್ದವರು, ಅವರಿಗೆ ಕೊಡಿ. ತಣ್ಣೀರಲ್ಲೇ ತೊಳೆಯಲು ಹೇಳಿ. ಯಾರ ಕೂದಲೆಂದು ಹೇಳುವುದು ಬೇಡ.

ಮುಂದಿನ ತಿಂಗಳು ರಜೆ ಸಿಕ್ಕಿದೆ, ಬರುತ್ತೇನೆ. ಮಕ್ಕಳಿಗೆ ಮೊದಲೇ ಒಂದು ಮಾತು ಹೇಳಿಡಿ, ಭಾವ. ಕಾಯಿಲೆಗೆ ಮುಂಚಿನ ಅಕ್ಕನ ಹಾಗೆ ಗಿಡ್ಡ ಕೂದಲಾಗಿ, ನನ್ನ ಮುಖ ಥೇಟ್ ಅವಳ ಮುಖವೇ ಆಗಿದೆ. ಬಾಗಿಲಲ್ಲಿ ನನ್ನನ್ನು ಕಂಡು ಅವು 'ಅಮ್ಮಾ' ಎಂದು ಓಡಿ ಬಂದುಬಿಟ್ಟರೆ ನಾನೇನು ಮಾಡಲಿ?

ಇಂತಿ,
ನಿಮ್ಮ ನಾದಿನಿ