ಅತ್ತೆ ಮನೆಯ ಜೇನು

ಕೆದೈನೈ ಹತ್ತಿರ, ಜೂನ್ 1911

ಕೊತ್ರಿನಕ್ಕಾ,

ಈ ಮನೆಯವರೂ ಲಿಥುವೇನಿಯದವರೇ, ಆದರೆ ದೊಡ್ಡ ಮನೆತನ ಅಂತ ಪೋಲಿಷೇ ಮಾತಾಡೋದು. ನನ್ನ ಬಾಯಲ್ಲಿ ನಮ್ಮ ಮಾತು ಬಂದರೆ ಅತ್ತೆ, "ಆ ಹಳ್ಳಿ ಭಾಷೆ ಹೊಸಿಲಾಚೆ ಬಿಟ್ಟು ಬಾರಮ್ಮ" ಅಂತ ಚುಚ್ಚುತ್ತಾರೆ.

ಭಾನುವಾರ ಅತ್ತೆ ಹಿತ್ತಲಲ್ಲಿ ಸಾಕಿರೋ ಜೇನು ಗೂಡು ಬಿಟ್ಟು ಎದ್ದಿತು. ಅತ್ತೆ ಬರಿಗಾಲಲ್ಲಿ ಓಡಿಬಂದು, ಥೇಟ್ ನಮ್ಮಜ್ಜಿ ಹಾಗೆ, "ಕೂತ್ಕೊಳ್ರಮ್ಮಾ, ನನ್ನ ತಾಯಂದಿರಾ, ಕೂತ್ಕೊಳ್ರಮ್ಮಾ" ಅಂತ ಅಚ್ಚ ಲಿಥುವೇನಿಯನ್‌ನಲ್ಲಿ ಗೋಗರೆದರು! ಜೇನು ಸೇಬಿನ ಕೊಂಬೆ ಮೇಲೆ ಕೂತಿತು. ನಾನು ನಕ್ಕುಬಿಟ್ಟೆ.

"ಏನೇ ನಗ್ತೀಯ? ಜೇನಿಗೆ ಪೋಲಿಷ್ ಎಲ್ಲಿ ಬರುತ್ತೆ!" ಅಂದರು, ಮುಖ ಕೆಂಪಗೆ.

ನನಗೀಗ ಐದು ತಿಂಗಳು, ವಾಂತಿ ನಿಂತಿದೆ ಅಂತ ಅಮ್ಮನಿಗೆ ಹೇಳು. ಕಾರ್ಡು ತುಂಬಿತು. ನಮ್ಮ ಹಳೇ ತೊಟ್ಟಿಲು ಕಳಿಸಿಕೊಡು, ಜೇನುಗೂಡುಗಳ ಪಕ್ಕದಲ್ಲೇ ಕಟ್ಟಿಸ್ತೀನಿ, ಅಲ್ಲಿ ಪೋಲಿಷ್ ನಡೆಯೋಲ್ಲವಲ್ಲ.

ಉರ್ಶುಲೆ