ಚಿಕ್ಕ ಹಳದಿ ನಾಣ್ಯ

ಪ್ರೀತಿಯ ಅಕ್ಕನಿಗೆ,

ನಾನು ಕ್ಷೇಮ. ಬಂದು ಆರು ತಿಂಗಳಾದ ಮೇಲೆ ಈ ದೇಶದ ದುಡ್ಡು ಈಗ ಅರ್ಥವಾಗಿದೆ.

ಇಲ್ಲಿನ ಅಂಕಿಗಳು ನಮ್ಮವಲ್ಲ. ಹೊಲಿಗೆ ಅಂಗಡಿಯಿಂದ ನನ್ನ ಸಂಬಳವನ್ನು ನಮ್ಮ ಮನೆಯವರೇ ತರುತ್ತಾರೆ. ವಾರಕ್ಕೊಂದು ದೊಡ್ಡ ಬಿಳಿ ನಾಣ್ಯ ನನ್ನ ಕೈಗಿಟ್ಟು, "ಇದಕ್ಕಿಂತ ದೊಡ್ಡದು ಈ ದೇಶದಲ್ಲೇ ಇಲ್ಲ ಕಣೇ, ಜೋಪಾನ" ಅನ್ನುತ್ತಾರೆ. ಊರಿಗೆ ಬರುವ ಖರ್ಚಿಗೆಂದು ಇಪ್ಪತ್ತು ಕೂಡಿಟ್ಟಿದ್ದೆ. ಮೊನ್ನೆ ಅವನ್ನು ನೋಟು ಮಾಡಿಸಲು ಹೋದರೆ, ಬ್ರೆಡ್ ಅಂಗಡಿಯಾಕೆ ಅಷ್ಟನ್ನೂ ತೆಗೆದುಕೊಂಡು, ಅಂಗಿ ಗುಂಡಿಯಷ್ಟು ಚಿಕ್ಕ ಹಳದಿ ನಾಣ್ಯ ಒಂದನ್ನು ಕೊಟ್ಟಳು. ನಾನು ಜಗಳಕ್ಕೇ ನಿಂತೆ. ಅವಳು ಪಾಪ, ಬಿಳಿಯದರ ಮುಂದೆ ಒಂದು ಬನ್ನು, ಹಳದಿಯದರ ಮುಂದೆ ಇಪ್ಪತ್ತು ಬನ್ನು ಜೋಡಿಸಿ ತೋರಿಸಿದಳು.

ಮನೆಯವರಿಗೆ ಏನೂ ಹೇಳಿಲ್ಲ. ನಿನ್ನೆಯೂ ಬಿಳಿಯದನ್ನೇ ಕೊಟ್ಟರು. ಕಣ್ಣಿಗೊತ್ತಿಕೊಂಡು ತೆಗೆದುಕೊಂಡೆ.

ತಿಂಗಳ ಕೊನೆಯ ವಾರದ ಸಂಬಳವನ್ನು ನನ್ನ ಕೈಗೇ ಕೊಡಲು ಹೊಲಿಗೆ ಅಂಗಡಿಯವರು ಒಪ್ಪಿದ್ದಾರೆ. ರೈಲಿಗೆ ಎರಡು ನೀಲಿ ನೋಟು, ಮೂರು ಹಳದಿ ನಾಣ್ಯ ಸಾಕು; ನನ್ನ ಒಂದು ವಾರದ ಸಂಬಳವೇ ಅದಕ್ಕಿಂತ ಹೆಚ್ಚಂತೆ. ಬರುವ ತಿಂಗಳ ಮೊದಲ ಭಾನುವಾರ ಸ್ಟೇಷನ್ನಿಗೆ ಬಾ. ಉತ್ತರ ಮಾತ್ರ ಬರೆಯಬೇಡ. ಕಾಗದ ಬಂದರೆ ಮೊದಲು ಒಡೆಯುವವರು ಅವರೇ.

ಹೊರಡುವಾಗ ನಿನ್ನೆಯ ನಾಣ್ಯವನ್ನು ಅವರ ದಿಂಬಿನ ಮೇಲಿಟ್ಟು ಬರುತ್ತೇನೆ. ಒಂದು ಬನ್ನಿಗಾದರೂ ಆಗಲಿ.

ನಿನ್ನ ತಂಗಿ