ಸುಯ್ ಸದ್ದಿನ ಪರವಾಗಿ ಒಂದು ಅಹವಾಲು

ಕನ್ನಡಕದಂಗಡಿಯ ಹಿಂದಿನ ಕೋಣೆ
ಭಾನುವಾರ, ಮಧ್ಯಾಹ್ನ

ಶ್ರೀಮತ್ ಕಳ್ಳಕ್ಯಾಸೆಟ್ ಕುಲತಿಲಕ, ಊಟದ ಡಬ್ಬಿಯಲ್ಲಿ ಟೇಪ್‌ರೆಕಾರ್ಡರ್ ಅಡಗಿಸಿ ಸಭಾಂಗಣದ ಕಾವಲುಗಾರರ ಕಣ್ಣಿಗೆ ಮಣ್ಣೆರಚಿದ ಮಹಾಶೂರ, ರೀಮಾಸ್ಟರ್ ಮದಗಜಕ್ಕೆ ಸಿಂಹಸ್ವಪ್ನ, ಎರಡನೇ ಬ್ರೇಕಿನ ಏಕಮೇವ ಒಡೆಯ, ಡ್ರೈವಿಂಗ್ ಶಾಲೆಯ ಮೇಷ್ಟ್ರು, ಶ್ರೀ ಶ್ರೀ ಶ್ರೀ ಚಿಕ್ಕಪ್ಪನವರ ದಿವ್ಯ ಸನ್ನಿಧಾನಕ್ಕೆ,

ತಮ್ಮ ಪಾದಧೂಳಿಗೂ ಯೋಗ್ಯಳಲ್ಲದ, ಆದರೆ ಆ ಪಾದದ ಚಪ್ಪಲಿಗಳನ್ನು ಹಲವು ಸಲ ಬಚ್ಚಿಟ್ಟು ಅನುಭವವಿರುವ, ತರಲೆ ಎಂಬ ಬಿರುದನ್ನು ತಮ್ಮಿಂದಲೇ ಪಡೆದ ಅಣ್ಣನ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದು ಬರವಣಿಗೆಯಲ್ಲಿ ಮಾತ್ರ. ಈ ಕೋಣೆಯ ನೆಲ ಗುಡಿಸಿಲ್ಲ.

ಇತ್ತ ಎಲ್ಲವೂ ಕುಶಲ. ದೊಡ್ಡಕ್ಕ ಅಭಿಮಾನಿ ಬಳಗದ ಭಾನುವಾರದ ಸಭೆ ಇಂದೂ ಶಾಸ್ತ್ರೋಕ್ತವಾಗಿ ನೆರವೇರಿತು. ಹಾಜರಾತಿಯ ವಿಷಯ ಕೇಳಬೇಡಿ. ಬಂದವರೆಲ್ಲ ಬಂದಿದ್ದರು. ತಾವು ಅಂದು ಬಿಟ್ಟುಹೋದ ಕೊಡೆ ಬಾಗಿಲ ಹಿಂದೆ ತೂಗುತ್ತಿದೆ. ಅದರೊಳಗೆ ಜೇಡವೊಂದು ಸಂಸಾರ ಹೂಡಿದೆ. ತಾವು ಕೂರುತ್ತಿದ್ದ ಅಧ್ಯಕ್ಷರ ಕುರ್ಚಿಯಲ್ಲಿ ಯಾರೂ ಕೂತಿಲ್ಲ, ಅಂಗಡಿಯ ಬೆಕ್ಕನ್ನು ಬಿಟ್ಟರೆ.

ಮುಂದೊಂದು ದಿನ ಸಂಶೋಧಕರು ಈ ಪತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಓದುವುದು ಖಚಿತವಾದ್ದರಿಂದ, ಅವರ ಅನುಕೂಲಕ್ಕೆ ವ್ಯಾಜ್ಯದ ಹಿನ್ನೆಲೆಯನ್ನು ದಾಖಲಿಸುತ್ತೇನೆ.

ದೊಡ್ಡಕ್ಕ ಎಂದರೆ ಅಭಿಮಾನಿಗಳು ಕಣ್ಣು ತುಂಬಿಕೊಂಡು ಹೆಸರಿಸುವ ಗಾಯಕಿ. ಆಕೆ ವೇದಿಕೆಯಲ್ಲಿ ಕೊನೆಯ ಸಲ ಹಾಡಿದ ಸಂಜೆಗೆ ಎರಡು ಸಾಕ್ಷಿಗಳಿವೆ. ಒಂದು, ಕಂಪನಿಯವರು ಅಂದು ಮುದ್ರಿಸಿ ಹಾಡುಗಳನ್ನಷ್ಟೇ ಹೊರತಂದ ಆಲ್ಬಂ. ಈಗ ಅದನ್ನು ತೊಳೆದು, ಒರೆಸಿ, ರೀಮಾಸ್ಟರ್ ಎಂದು ಬರೆದು ಮತ್ತೆ ಮಾರುತ್ತಿದ್ದಾರೆ. ಇನ್ನೊಂದು, ಮೂರನೇ ಸಾಲಿನಲ್ಲಿ ಕೂತು ತಾವು ಕದ್ದು ಹಿಡಿದ ಕ್ಯಾಸೆಟ್. ಅಭಿಮಾನಿ ಲೋಕದಲ್ಲಿ ಅದರ ಹೆಸರು ‘ಊಟದ ಡಬ್ಬಿ’. ಅದರ ಪ್ರತಿಯ ಪ್ರತಿಯ ಪ್ರತಿ ಯಾವ ಯಾವ ಊರಿಗೆ ಹೋಗಿದೆಯೋ, ಹಿಡಿದ ತಮಗೇ ಗೊತ್ತಿಲ್ಲ.

ಹೊಸದು ಬಂದ ದಿನದಿಂದ ಈ ಕೋಣೆಯಲ್ಲಿ ಕುರುಕ್ಷೇತ್ರ. ಕನ್ನಡಕದ ಮಾಮ ಹೊಸದರ ಕಡೆ. “ಗಾಜು ಒರೆಸ್ಕೊಂಡು ನೋಡ್ದಂಗಿದೆ ಮೇಷ್ಟ್ರೇ. ಮೊದ್ಲು ಆಕೆ ಮುಖವೇ ಮಸುಕು, ಈಗ ಹಲ್ಲಿನ ಸಂದಿನೂ ಕಾಣುತ್ತೆ” ಎಂದರು. ತಾವು ಬಿಟ್ಟೀರಾ? “ಸಂದಿ ನೋಡಕ್ಕೆ ಹಲ್ಲಿನ ಡಾಕ್ಟ್ರಿದ್ದಾರೆ. ನಾವು ಹಾಡು ಕೇಳಕ್ಕೆ ಬಂದೋರು” ಎಂದಿರಿ. ಲೆಕ್ಕದ ಮೇಡಂ ಪಂಚಾಯ್ತಿ ಮಾಡಿದರು: “ಇಬ್ರೂ ಅರ್ಧರ್ಧ ಸರಿ. ಕೂಡಿಸಿದ್ರೆ ಒಂದು ಪೂರ್ತಿ ತಪ್ಪು.” ನಾನು ಹೊಸದರ ವಕೀಲಳಾಗಿ ಎದ್ದು, ಮುಖ ತೊಳೆದುಕೊಂಡ ಮಾತ್ರಕ್ಕೆ ಮನುಷ್ಯ ಬದಲಾಗುತ್ತಾನೆಯೇ ಎಂದು ವಾದಿಸಿದೆ. “ನಿನ್ನ ಮುಖ ನಾನೇ ತೊಳೆದು ಬೆಳೆಸಿದ್ದೀನಿ. ಏನೂ ಉಪಯೋಗ ಆಗಿಲ್ಲ” ಎಂದು ತೀರ್ಪು ಕೊಟ್ಟಿರಿ. ಮಾಮ ನಕ್ಕು ನಕ್ಕು ಕೈಯಲ್ಲಿದ್ದ ಫ್ರೇಮಿನ ಕಡ್ಡಿ ಮುರಿದರು.

ತಮ್ಮ ಪಕ್ಷದ ವಾದ ನನಗೆ ಬಾಯಿಪಾಠ. ಕ್ಯಾಸೆಟ್ ಶುರುವಾದೊಡನೆ ಹಾಡಿಗೂ ಮೊದಲು ಸುಯ್ಯೆಂದು ಒಂದು ಸದ್ದು ಬರುತ್ತದಲ್ಲ, ಅದು ಕಸವಲ್ಲ, ಆ ಸಭಾಂಗಣದ ಉಸಿರು. ಯಾರದೋ ಕೆಮ್ಮು, ಕುರ್ಚಿಯ ಕಿರ್ರು, ಇವೆಲ್ಲ ಇದ್ದರೆ ನಾವೂ ಅಲ್ಲಿದ್ದೇವೆ. ತೊಳೆದರೆ ಆಕೆ ಒಬ್ಬಳೇ ಖಾಲಿ ಕೋಣೆಯಲ್ಲಿ ಹಾಡಿದ ಹಾಗೆ. ಮತ್ತು ಕೊನೆಯ ಹಾಡಿಗೆ ಮೊದಲು, ಎಲ್ಲರೂ ಉಸಿರು ಹಿಡಿದು ಕೂತ ಗಳಿಗೆಯಲ್ಲಿ, ಮೈಕಿಗೆ ಎಲ್ಲರಿಗಿಂತ ಹತ್ತಿರದಿಂದ ಒಂದು ಮಗುವಿನ ದನಿ: “ಚಿಕ್ಕಪ್ಪಾ, ಈಯಮ್ಮ ಯಾವಾಗ ನಿಲ್ಸೋದು?”

ಆ ಮಗುವಿಗೆ ಆಗ ನಾಲ್ಕು ವರ್ಷ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಸಂಜೆ ಪಾಳಿಯಲ್ಲಿದ್ದರು, ಅಪ್ಪ ಹೋಗಿ ವರ್ಷವಾಗಿರಲಿಲ್ಲ, ಬಿಟ್ಟುಬರಲು ಬೇರೆ ಮನೆಯಿರಲಿಲ್ಲ. ಹಾಗಾಗಿ ತಮ್ಮ ಮಡಿಲಲ್ಲಿ ನಾನು, ನನ್ನ ಮಡಿಲಲ್ಲಿ ಡಬ್ಬಿ. ಕಂಪನಿಯವರ ಆಲ್ಬಮ್ಮಿನಲ್ಲಿ ನಾನಿಲ್ಲ. ಇಷ್ಟಾದರೂ ನಾನು ಅದರ ಪರವಾಗಿಯೇ ವಾದಿಸುತ್ತಿದ್ದೆ. ಇಂಥ ನಿಸ್ಪೃಹ ವಕೀಲರು ಎಲ್ಲಿ ಸಿಗುತ್ತಾರೆ?

ಚಿಕ್ಕಪ್ಪ, ಈ ‘ತಾವು’ ಸಾಕು. ಬರೆದು ಬರೆದು ಬೆನ್ನು ಬಗ್ಗಿಹೋಯಿತು. ಇನ್ನು ನೀನು.

ಆ ಭಾನುವಾರ ನಾನು ಮಾಡಿದ ಕಿತಾಪತಿ ನಿನಗೂ ಗೊತ್ತು, ನನಗೂ ಗೊತ್ತು. ಹೊಸ ರೀಮಾಸ್ಟರನ್ನು ಕ್ಯಾಸೆಟ್ಟಿಗೆ ಇಳಿಸಿ ನಿನ್ನ ಡಬ್ಬಿಯ ಕವರಿನೊಳಗೆ ತೂರಿಸಿಟ್ಟೆ. ನನ್ನ ಲೆಕ್ಕಾಚಾರ ಇಷ್ಟೇ: ಗುಂಡಿ ಒತ್ತಿದ ತಕ್ಷಣ ನಿನಗೆ ತಿಳಿಯುತ್ತದೆ, “ಏಯ್ ತರಲೆ” ಎಂದು ಕಿವಿ ಹಿಂಡುತ್ತೀಯ, ಎಲ್ಲರೂ ನಗುತ್ತಾರೆ, ಕಾಫಿ ಬರುತ್ತದೆ. ಒಂದು ನಿಮಿಷದ ನಾಟಕ.

ನೀನೇ ಗುಂಡಿ ಒತ್ತಿದೆ. ಸುಯ್ ಸದ್ದು ಇಲ್ಲ. ಗಾಜಿನಷ್ಟು ನಿಶ್ಶಬ್ದ. ನೀನು ಕಣ್ಣು ಮುಚ್ಚಿ ಕೈಯೆತ್ತಿದೆ. “ಕೇಳಿ. ಆ ಸುಯ್ ಇದೆಯಲ್ಲ, ಅದೇ ಉಸಿರು. ಇದನ್ನ ತೊಳೆದು ಹಾಕಿದ್ರೆ ಏನ್ರೀ ಉಳಿಯುತ್ತೆ?”

ಕನ್ನಡಕದ ಮಾಮ ಬಿದ್ದು ಬಿದ್ದು ನಕ್ಕರು. ಮೇಡಂ ಪಾಪ ಮೆಲ್ಲಗೆ, “ಮೇಷ್ಟ್ರೇ, ಅದು ಹೊಸದು ಕಣ್ರೀ” ಎಂದರು. ನೀನು ಅವರ ತುಟಿ ನೋಡಿದೆ, ಅವರು ಮತ್ತೊಮ್ಮೆ ಹೇಳಬೇಕಾಯಿತು. ಆಮೇಲೆ, “ಗೊತ್ತಿತ್ತು. ನಿಮ್ಮ ಕಿವಿ ಪರೀಕ್ಷೆ ಮಾಡ್ದೆ” ಎಂದೆ. ಎದ್ದು ಹೋದೆ. ಹೊರಗೆ ಹನಿಯುತ್ತಿದ್ದರೂ ಕೊಡೆಗೆ ವಾಪಸ್ ಬರಲಿಲ್ಲ.

ಹೊಸದರ ಪಕ್ಷ ಗೆದ್ದಿತು ಎಂದು ಮಾಮ ನನ್ನ ಬೆನ್ನು ತಟ್ಟಿದರು. ನನಗೆ ಮಾತ್ರ ನಗು ಬರಲಿಲ್ಲ. ನಾನು ಕೆಲಸ ಮಾಡುವುದು ನೀನು ‘ಕಿವಿ ಅಂಗಡಿ’ ಎಂದು ಹಂಗಿಸುವ ಶ್ರವಣಯಂತ್ರದ ಅಂಗಡಿಯಲ್ಲಿ. ದಿನವಿಡೀ ಗಾಜಿನ ಗೂಡಿನಲ್ಲಿ ಜನರನ್ನು ಕೂರಿಸಿ ಅವರ ಕಿವಿಗೆ ಪೀಂ ಎಂಬ ಸದ್ದು ಬಿಡುತ್ತೇನೆ. ಕೇಳಿಸಿದರೆ ಗುಂಡಿ ಒತ್ತಬೇಕು. ಕೇಳಿಸದಿದ್ದರೂ ಮರ್ಯಾದೆಗೆ ಒತ್ತುವವರಿದ್ದಾರೆ. ಗಾಜಿನಾಚೆ ನನ್ನ ಬೆರಳು ಅಲುಗಿದಾಗ ಒತ್ತುತ್ತಾರೆ. ಅದಕ್ಕೇ ನಾನು ಸುಮ್ಮಸುಮ್ಮನೆ ಬೆರಳು ಆಡಿಸುವುದನ್ನು ಕಲಿತಿದ್ದೇನೆ. ನನ್ನ ತರಲೆಗೆ ಸಂಬಳ ಕೊಡುವ ಜಾಗ ಲೋಕದಲ್ಲಿ ಅದೊಂದೇ.

ಎಲ್ಲರ ಪರೀಕ್ಷೆಯ ಕಾಗದದಲ್ಲೂ ಹೆಚ್ಚುಕಡಿಮೆ ಒಂದೇ ಗೆರೆ. ಎಡದಿಂದ ಸಮತಟ್ಟಾಗಿ ಬಂದು, ಬಲಕ್ಕೆ ಹೋಗುತ್ತ ಜಾರುಬಂಡಿ. ಮೊದಲು ಜಾರಿ ಬೀಳುವವು ಸಣ್ಣ ದನಿಗಳು: ಹಕ್ಕಿ, ಗಡಿಯಾರ, ಟೇಪಿನ ಸುಯ್. ಹಿಂದೆಯೇ ಮಕ್ಕಳ ಮಾತು. ಮನುಷ್ಯ ಮಾತ್ರ ಎಲ್ಲವೂ ಇದೆ ಎಂದೇ ತಿಳಿದಿರುತ್ತಾನೆ, ಏಕೆಂದರೆ ಇಷ್ಟು ವರ್ಷ ಕೇಳಿದ್ದು ತಲೆಯೊಳಗೆ ತನ್ನಷ್ಟಕ್ಕೆ ಓಡುತ್ತಿರುತ್ತದೆ.

ಅಂದಿನಿಂದ ನಿನ್ನ ಮೇಲೆ ಸಣ್ಣಪುಟ್ಟ ಪರೀಕ್ಷೆಗಳನ್ನು ನಡೆಸಿದ್ದೇನೆ. ಕಳೆದ ತಿಂಗಳು ಫೋನಿನಲ್ಲಿ, ನಾನು ಸರ್ಕಸ್ ಸೇರಿದ್ದೇನೆ, ನಾಳೆಯಿಂದ ಸಿಂಹದ ಬಾಯಿಗೆ ತಲೆ ಕೊಡುತ್ತೇನೆ ಎಂದೆ. “ಆಯ್ತು ಆಯ್ತು, ಹೊಟ್ಟೆ ತುಂಬ ಊಟ ಮಾಡು” ಎಂದು ನೀನು ಫೋನ್ ಇಟ್ಟುಬಿಟ್ಟೆ. ಸಿಂಹಕ್ಕೆ ಹೇಳಬೇಕಾದ ಮಾತು ಅದು. ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟೆ. ಅದಕ್ಕೇ ಈ ಪತ್ರ. ಓದಲು ಕಿವಿ ಬೇಡ.

ಡ್ರೈವಿಂಗ್ ಶಾಲೆಗೆ ಮಂಡಿ ನೋವು ಎಂದು ರಜೆ ಹಾಕಿದ್ದೀಯಂತೆ. ಅಮ್ಮ ನಂಬಿ ಎಣ್ಣೆ ಕಾಯಿಸಿ ಕಳಿಸಿದರು. ನಾನು ನಂಬಲಿಲ್ಲ. ನಿನ್ನ ಹಳೇ ಶಿಷ್ಯೆ ನಮ್ಮ ಅಂಗಡಿಗೆ ಅಜ್ಜನನ್ನು ಕರೆತಂದಿದ್ದಳು. ಹಿಂದಿನಿಂದ ಆಂಬ್ಯುಲೆನ್ಸ್ ಕೂಗುತ್ತಿದ್ದರೂ ಮೇಷ್ಟ್ರು “ನಿಧಾನ, ನಿಧಾನ, ರಸ್ತೆ ಖಾಲಿ ಇದೆ” ಎನ್ನುತ್ತಿದ್ದರು ಎಂದಳು. ಅವಳೇ ಪಕ್ಕಕ್ಕೆ ತಿರುಗಿಸಿದಳಂತೆ. ಮಾರನೇ ದಿನದಿಂದ ನಿನಗೆ ಮಂಡಿ ನೋವು. ಬೇರೆಯವರ ಜೀವದ ಪ್ರಶ್ನೆ ಬಂದಾಗ ನೀನೇ ಇಳಿದುಬಿಟ್ಟೆ, ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ. ನನಗೆ ಹೆಮ್ಮೆಯಾಯಿತು, ಆಮೇಲೆ ಕೋಪ ಬಂತು. ಈಗ ಇಡೀ ದಿನ ಬಾಗಿಲು ಹಾಕಿಕೊಂಡು ಏನು ಮಾಡುತ್ತೀಯ? ಬಾಗಿಲು ತಟ್ಟಿದವರು ತಟ್ಟಿ ತಟ್ಟಿ ವಾಪಸ್ ಹೋಗುತ್ತಾರೆ. ಅವರಲ್ಲಿ ನಾನೂ ಇದ್ದೆ, ಎರಡು ಸಲ. ಒಳಗೆ ಫ್ಯಾನ್ ತಿರುಗುತ್ತಿತ್ತು, ನಿನ್ನ ಚಪ್ಪಲಿ ಹೊರಗಿತ್ತು. ಬಚ್ಚಿಡಲು ಮನಸ್ಸಾಗಲಿಲ್ಲ.

ಕಿವಿಗೆ ಯಂತ್ರ ಹಾಕಿಕೋ ಎಂದು ಒಮ್ಮೆ ಸುಳಿವು ಕೊಟ್ಟಾಗ ನೀನು ಹೇಳಿದ್ದು ನೆನಪಿದೆ. “ನನ್ನ ಕಿವಿ ಅಸಲಿ ಪ್ರತಿ ಕಣೇ. ಅದನ್ನೂ ರೀಮಾಸ್ಟರ್ ಮಾಡ್ತೀಯಾ?” ಅದಕ್ಕೆ ಉತ್ತರ ಈಗ ಕೊಡುತ್ತೇನೆ, ಘನ ನ್ಯಾಯಾಲಯ ಆಲಿಸಬೇಕು.

ಆ ಯಂತ್ರ ರೀಮಾಸ್ಟರ್ ಅಲ್ಲ ಚಿಕ್ಕಪ್ಪ, ಪಕ್ಕಾ ಕಳ್ಳಕ್ಯಾಸೆಟ್. ಮೊದಲ ವಾರ ಹಾಕಿಕೊಂಡವರೆಲ್ಲ ಬಂದು ನಮ್ಮನ್ನು ಬೈಯುತ್ತಾರೆ. ತಟ್ಟೆ ಚಮಚದ ಸದ್ದು ಸಿಡಿಲಿನಂತೆ, ಕಾಗದ ಮಡಿಸಿದರೆ ಮನೆ ಕುಸಿದಂತೆ, ಪಕ್ಕದವನ ಕೆಮ್ಮು ತಲೆಯೊಳಗೇ ಕೆಮ್ಮಿದಂತೆ. ಎಷ್ಟು ಚೆನ್ನಾಗಿ ಕೂರಿಸಿದರೂ ಯಾವುದನ್ನೂ ಪೂರ್ತಿ ತೊಳೆಯುವುದಿಲ್ಲ. ನಿಶ್ಶಬ್ದವಿದ್ದರೆ ಅದೇ ಸಣ್ಣಗೆ ಸುಯ್ ಎನ್ನುತ್ತದೆ. ಈಗ ನೀನು ಕೂತಿರುವೆಯಲ್ಲ, ಕೆಮ್ಮಿಲ್ಲದೆ, ಕುರ್ಚಿಯ ಕಿರ್ರಿಲ್ಲದೆ, ಬಾಗಿಲು ತಟ್ಟುವ ಸದ್ದಿಲ್ಲದೆ, ಅದು ರೀಮಾಸ್ಟರ್. ಇಷ್ಟು ದಿನ ಅದರ ವಿರುದ್ಧ ಗಂಟಲು ಹರಿದುಕೊಂಡ ಮನುಷ್ಯ ಅದರೊಳಗೇ ಹೋಗಿ ಚಿಲಕ ಹಾಕಿಕೊಂಡಿದ್ದಾನೆ.

ಬುಧವಾರ ನಮ್ಮ ಧಣಿ ಊರಲ್ಲಿರುವುದಿಲ್ಲ. ಗಾಜಿನ ಗೂಡು ಖಾಲಿ. ಬಾ. ಯಾರೂ ನೋಡುವುದಿಲ್ಲ, ನಾನು ಬೆರಳು ಆಡಿಸುವುದಿಲ್ಲ. ಮರ್ಯಾದೆಗೆ ಗುಂಡಿ ಒತ್ತಬೇಡ, ನನ್ನ ಹತ್ತಿರ ನಿನಗೆ ಅಂಥ ಮರ್ಯಾದೆ ಎಂದೂ ಇರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಒಂದು ಜೊತೆ ಯಂತ್ರ ಕೂರಿಸಿ, ನಿನ್ನ ಅಸಲಿ ಡಬ್ಬಿ ಹಾಕುತ್ತೇನೆ. ಈ ಸಲ ಅಸಲಿ, ಆಣೆಗೂ. ಕೊನೆಯ ಹಾಡಿಗೆ ಮೊದಲಿನ ಆ ಗಳಿಗೆ. ಆ ಮಗು ನಿನ್ನನ್ನು ಕರೆಯುವುದು ನಿನಗೆ ಕೇಳಿಸಿ ಎಷ್ಟು ಕಾಲವಾಯಿತು? ನಿಜ ಹೇಳು. ಬರೆಯಬೇಡ, ಬಂದು ಹೇಳು.

ಇಲ್ಲಿನ ಸಮಾಚಾರ ಇನ್ನೇನಿದೆ? ಹಾಜರಾತಿ ಕೇಳಬೇಡ ಎಂದೆನಲ್ಲ, ಹೇಳಿಬಿಡುತ್ತೇನೆ. ನೀನು ಹೋದ ಮೇಲೆ ಜಗಳ ಸಪ್ಪೆಯಾಯಿತು. ಎಲ್ಲರೂ ಒಂದೇ ಕಡೆ ಇದ್ದರೆ ಏನು ಮಾತಾಡುವುದು? ಮೇಡಂ ಭಾನುವಾರ ಪಾಠ ಇಟ್ಟುಕೊಂಡರು. ಕನ್ನಡಕದ ಮಾಮ ಮುಂದೆ ವ್ಯಾಪಾರ ಮಾಡುತ್ತಾರೆ, ಆಗಾಗ ಪರದೆ ಸರಿಸಿ, “ಇನ್ನೂ ಇದ್ಯೇನಮ್ಮ?” ಎನ್ನುತ್ತಾರೆ. ಇದ್ದೇನೆ. ಗೋಡೆಯ ಮೇಲೆ ಕಣ್ಣಿನ ಪರೀಕ್ಷೆಯ ಅಕ್ಷರಗಳು ದೊಡ್ಡದರಿಂದ ಚಿಕ್ಕದಾಗುತ್ತ ಹೋಗುತ್ತವೆ. ಕೊನೆಯ ಸಾಲಿನವರೆಗೂ ಓದುತ್ತೇನೆ, ಮತ್ತೆ ಮೇಲಿನಿಂದ. ಆಮೇಲೆ ನಿನ್ನದೂ ನನ್ನದೂ ಎರಡೂ ಕುರ್ಚಿ ಒರೆಸುತ್ತೇನೆ. ಬೆಕ್ಕು ಎದ್ದರೆ.

ಇತಿ, ಬಾಲ್ಯದಿಂದಲೂ ತಮ್ಮ ಆಜ್ಞೆಯನ್ನು ಒಮ್ಮೆಯೂ ಪಾಲಿಸದ,
ನಿನ್ನ
ತರಲೆ

ಮರೆತಿದ್ದೆ: ಒಂದು ಗುಟ್ಟು, ಬಳಗದವರಿಗೆ ಹೇಳಬೇಡ, ಕೊಡೆಯಿಂದ ಹೊಡೆಯುತ್ತಾರೆ. ದೊಡ್ಡಕ್ಕನ ಹಾಡು ನನಗೆ ಯಾವತ್ತೂ ಹಿಡಿಸಿಲ್ಲ. ತೊಳೆದದ್ದೂ ಇಲ್ಲ, ತೊಳೆಯದ್ದೂ ಇಲ್ಲ. ನಿನ್ನ ಮಡಿಲಲ್ಲಿ ಕೂತು ಕೇಳಿದ ಪ್ರಶ್ನೆಯನ್ನೇ ಇವತ್ತಿಗೂ ಪ್ರತಿ ಭಾನುವಾರ ಮನಸ್ಸಿನಲ್ಲಿ ಕೇಳುತ್ತಿರುತ್ತೇನೆ. ಬಂದು ಕೂತ್ಕೋ ಚಿಕ್ಕಪ್ಪ. ಆಕೆ ಎಷ್ಟು ಹೊತ್ತು ಬೇಕಾದರೂ ಹಾಡಿಕೊಳ್ಳಲಿ.